ನಿಂಗಮ್ಮ ಗೊರಕಿ ಹೊಡೆದ ಮಧ್ಯಾಹ್ನ

ನಮ್ಮ ಮನ್ಯಾಗ ಮಿಕ್ಸರ್ ತಿರುಗೂದು ನಿಂತ ಕೂಡ್ಲೇ ನಾ ಕುಂತಲ್ಲಿಂದ ಧಡಕ್ಕನ ಎದ್ದು ನಿಲ್ತೀನಿ. ರಿಟೈರ್ ಆದ ಮ್ಯಾಲೂ ಈ ಖೋಡಿ ಚಾಳಿ ಹೋಗವಲ್ದು. ನಮ್ಮ ಮನಿಯವ್ರು ನಗತಾರ: "ಏ, ಚಟ್ನಿ ಸಣ್ಣಾಗ್ಯಾದ ಅಷ್ಟ, ಯಾರಿಗೂ ಏನೂ ಆಗಿಲ್ಲ, ಕೂಡು." ಅವರು ನಗೂದು ಖರೆ ಅದ. ಆದ್ರ ವರ್ಷಾನುಗಟ್ಟಲೆ ಉಸಿರಿನ ಮಷಿನ್ ಸಪ್ಪಳ ಕೇಳ್ಕೋತ ಬಂದ ಕಿವಿಗಿ, ಸಪ್ಪಳ ನಿಂತಿತು ಅಂದ್ರ ಎದಿ ಹೊಡಕೋತದ.

ನಾ ಯಾದಗಿರಿ ದವಾಖಾನ್ಯಾಗ ಸಿಸ್ಟರ್ ಆಗಿ ಸೇರಿದಾಕಿ. ಕಡೀಕ ಮನಿ ಮನಿಗಿ ಹೋಗಿ ಉಸಿರಿನ ಮಷಿನ್ ಮ್ಯಾಲ ಇರೋ ಪೇಷೆಂಟ್‌ಗಳನ್ನ ನೋಡೋ ಕೆಲಸ ನನ್ನ ಪಾಲಿಗಿ ಬಂತು. ಯಾದಗಿರಿಂದ ಶಹಾಪುರ, ಶಹಾಪುರದಿಂದ ಸುರಪುರ. ಬಸ್ಸಿನ ಕಂಡಕ್ಟರಿಗಿ ನನ್ನಕಿಂತ ನನ್ನ ಬ್ಯಾಗಿನ ಪರಿಚಯ ಜಾಸ್ತಿ ಇತ್ತು. ಈಗ ಈ ಕೆಲಸಕ್ಕ ಹೊಸದಾಗಿ ಸೇರಿದವ್ರು ಫೋನ್ ಮಾಡಿ ಕೇಳ್ತಾರ, "ಮೇಡಂ, ಮಷಿನ್ ಬಾಳ ಕಠಿಣ ಅದ ಏನ್ರಿ?" ಮಷಿನ್ ಏನೂ ಕಠಿಣ ಇಲ್ಲವ್ವಾ. ನಾಕು ಗುಂಡಿ ಒತ್ತೂದು ಕಲಿತ್ರ ಅದು ಹೇಳಿದ ಮಾತು ಕೇಳ್ತದ. ಹೇಳಿದ ಮಾತು ಕೇಳದವ್ರು ಅದರ ಸುತ್ತ ಕುಂತ ಮಂದಿ. ಉಸಿರಿನ ಮಷಿನ್ ಮನಿಗಿ ಬಂತು ಅಂದ್ರ ಹೊಸಾ ಅಳಿಯ ಬಂದು ಕುಂತಂಗ. ಎಲ್ಲಾರೂ ಅದರ ಮುಖ ನೋಡ್ಕೋತ, ಎಲ್ಲಿ ಸಿಟ್ಟಿಗೇಳ್ತದೋ ಅಂತ ಅಂಜಿ ಅಂಜಿ ತಿರಗತಾರ.

ಕಡೇಚೂರಾಗ ಫ್ಯಾಕ್ಟರಿ ಕೂಲಿ ಮಾಡಾವ ಒಬ್ಬನ ಮನ್ಯಾಗ ನೋಡಿದೆ. ಅವನವ್ವ ಮಷಿನಿಗಿ ದೃಷ್ಟಿ ಆದೀತಂತ ತನ್ನ ಹೊಸಾ ಸೀರಿ ಸುತ್ತಿ, ಮ್ಯಾಲ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟಿ ಬಿಟ್ಟಿದ್ಳು. ಗಾಳಿ ಒಳಗ ಹೋಗೋ ಬಾಯಿನೇ ಬಂದ್ ಆಗಿ ಮಷಿನ್ ಲಬೋ ಲಬೋ ಅಂತ ಒದರಾಕತ್ತಿತ್ತು. ನನ್ನ ಬಾಯಿ ಮೊದ್ಲೇ ದೊಡ್ಡದು, ಬೈದೆ. ಮುದುಕಿ ಗೋಡಿಗಿ ಬೆನ್ನು ಹಚ್ಚಿ ಕುಂತು ಅತ್ಳು. ಆಮ್ಯಾಲ ನಾನೇ ಸೀರಿ ಬಿಚ್ಚಿ, ಲಿಂಬಿಹಣ್ಣು ಒಯ್ದು ಮಷಿನಿನ ಸ್ಟ್ಯಾಂಡಿಗಿ ಕಟ್ಟಿದೆ. "ಇಲ್ಲಿ ಇದ್ರ ಮಷಿನಿಗೂ ಉಸಿರು, ದೇವ್ರಿಗೂ ಮರ್ಯಾದಿ, ಆತಿಲ್ಲ?" ಅಂದೆ. ಮುದುಕಿ ನಕ್ಕು ಚಾ ಇಟ್ಳು. ಅಂಜಿದವ್ರಿಗಿ ಬೈದು ಉಪಯೋಗ ಇಲ್ಲ, ಅವರ ಅಂಜಿಕಿಗಿ ಒಂದು ಬ್ಯಾರೆ ಜಾಗಾ ತೋರಿಸ್ಬೇಕು ಅಂತ ನನಗ ಅವತ್ತು ತಿಳೀತು.

ಆದ್ರ ಅಂಜಿಕೀಲೆ ಮಾಡಿದ ಕೆಲಸದಾಗ ಎಲ್ಲಾದಕಿಂತ ದೊಡ್ಡದು ಆಗಿದ್ದು ಬೀರಪ್ಪನ ಮನ್ಯಾಗ. ಅದನ್ನ ಹೇಳಾಕ ಇಷ್ಟೆಲ್ಲಾ ಪೀಠಿಕಿ ಹಾಕಿದೆ.

ಬೀರಪ್ಪ ಸುರಪುರದ ಆಚಿಕಡಿ ಹೊಲದ ನಡುವ ಇರೋ ಒಂದು ದೊಡ್ಡಿಯವ. ನಾಕೆಂಟು ಮನಿ, ಎಲ್ಲಾ ಕುರಿ ಕಾಯೋರು. ಮರಿಗೋಳಿಗಿ ಸೊಪ್ಪು ಕಡಿಯಾಕಂತ ಬೇವಿನ ಗಿಡ ಹತ್ತಿದವ ಕೊಂಬಿ ಮುರಿದು ಬಿದ್ದ. ಕುತ್ತಿಗಿ ಎಲುಬಿಗಿ ಪೆಟ್ಟಾತು. ಕುತ್ತಿಗಿ ಕೆಳಗ ಮೈ ಅಲುಗಾಡದಂಗಾತು, ಉಸಿರೂ ತನ್ನಷ್ಟಕ್ಕ ತಾ ಬರದಂಗಾತು. ತಿಂಗಳಾನುಗಟ್ಟಲೆ ದವಾಖಾನ್ಯಾಗ ಇಟ್ಟು, ಗಂಟಲಿಗಿ ತೂತು ಮಾಡಿ ಕೊಳವಿ ಹಾಕಿ, ಒಂದು ಮಷಿನ್ ಕೊಡಿಸಿ ಮನಿಗಿ ಕಳಿಸಿದ್ವಿ. ಕೊಳವಿ ಸುತ್ತ ಒಳಗ ಒಂದು ಸಣ್ಣ ಬಲೂನು ಇರ್ತದ. ಅದನ್ನ ಉಬ್ಬಿಸಿದ್ರ ಗಾಳಿ ಎಲ್ಲಾ ಪುಪ್ಪುಸಕ್ಕ ಹೋಗ್ತದ, ಸೋರೂದಿಲ್ಲ. ಆದ್ರ ಮಾತು ಹೊಂಡೂದೂ ಇಲ್ಲ. ಗಿಡದಿಂದ ಬಿದ್ದ ದಿನದಿಂದ ಬೀರಪ್ಪನ ದನಿ ಯಾರೂ ಕೇಳಿರಲಿಲ್ಲ.

ನಮ್ಮ ದೊಡ್ಡ ಡಾಕ್ಟರ್ ಸಾಹೇಬ್ರದು ಒಂದು ಕಾಯ್ದೆ ಇತ್ತು. "ಒಬ್ಬರಿಗೇ ಕಲಿಸು, ಬರೋಬ್ಬರಿ ಕಲಿಸು. ಹತ್ತು ಕೈ ಸೇರಿದ್ರ ಹೊಣಿ ಯಾರದೂ ಅಲ್ಲ" ಅಂತಿದ್ರು. ಅದಕ್ಕ ಬೀರಪ್ಪನ ಹೆಣ್ತಿ ನಿಂಗಮ್ಮಗ ಕಲಿಸಿದ್ವಿ. ಕಫ ಎಳಿಯೂದು, ಕೊಳವಿ ಕಳಚಿದ್ರ ಜೋಡ್ಸೂದು, ಕರೆಂಟೂ ಬ್ಯಾಟರೀನೂ ಕೈಕೊಟ್ರ ರಬ್ಬರ್ ಚೀಲ ಒತ್ತಿ ಉಸಿರು ಕೊಡೂದು. ಆಕಿ ಎಲ್ಲಾ ಚೊಲೋ ಕಲಿತ್ಳು. ಕಲಿತದ್ದೇ ಆಕಿಗಿ ಮುಳುವಾತು. ಕಳಿಸೋ ದಿನ ನಾನೂ ಒಂದು ಮಾತು ಹೇಳಿದ್ದೆ: "ಧೂಳು, ಹೊಗಿ, ಕುರಿ ಕೂದಲು ಮಷಿನಿನ ಹತ್ತಿರ ಬರಬಾರ್ದು ನೋಡ್ರಿ." ಈ ಮಾತು ನೆನಪಿಟ್ಟುಕೋರಿ, ಇದು ಮುಂದ ಬರ್ತದ.

ಮೊದಲ ಸಲ ಅವರ ಮನಿಗಿ ಹೋದಾಗ ನೋಡ್ತೀನಿ, ಯಪ್ಪಾ, ಏನ್ ಸ್ವಚ್ಛ! ಅಂಗಳದಾಗ ಒಂದು ಹಿಕ್ಕಿ ಇಲ್ಲ, ಒಂದು ನೊಣ ಇಲ್ಲ. ಮನಿ ತುಂಬ ಗಪ್‌ಚುಪ್. ಬೀರಪ್ಪನ ತಮ್ಮ ಮಾಳಪ್ಪ, ಅವನ ಹೆಣ್ತಿ ಯಲ್ಲಮ್ಮ, ಇಬ್ಬರೂ ಕಳ್ಳರಂಗ ಹೆಜ್ಜಿ ಇಡ್ತಿದ್ರು. ಮಾತಾಡಿದ್ರ ಕಿವ್ಯಾಗ ಮಾತಾಡ್ತಿದ್ರು. ಮಷಿನ್ ಒದರಿದ್ದು ಕೇಳಿಸ್ಬೇಕಲ್ಲ, ಅದಕ್ಕ. ರೊಟ್ಟಿ ಬಡಿಯೂದನ್ನೂ ಬಿಟ್ಟಿದ್ರು. ಯಲ್ಲಮ್ಮ ಹಿಟ್ಟು ತಗೊಂಡು ಬಾಜೂ ಮನಿಗಿ ಹೋಗಿ ಬಡಕೊಂಡು ಬರ್ತಿದ್ಳು. ರೊಟ್ಟಿ ಸಪ್ಪಳ ಇಲ್ಲದ ಮನಿ ನಮ್ಮ ಕಡಿ ಎಲ್ಲೆರ ನೋಡೀರೇನು? ನಾ ಮಾತ್ರ "ಭೇಷ್, ಹಿಂಗೇ ಇರ್ರಿ" ಅಂತ ಹೊಗಳಿ ಬಂದೆ.

ನಿಂಗಮ್ಮ ಕೊಟ್ಟ ಚಾದಾಗ ಸಕ್ರಿ ಬದಲಿ ಉಪ್ಪಿತ್ತು. ನಾ ಹಂಗೇ ಕುಡಿದೆ. ಆಕಿ ಕಣ್ಣು ನೋಡಿ ಏನ್ ಅನ್ಲಿ? ಕಣ್ಣಿನ ಸುತ್ತ ಮಸಿ ಬಳದಂಗ ಆಗಿತ್ತು. ಜಳಕಾ ಮಾಡಾಕ ಹೋದ್ರೂ ಬಚ್ಚಲದ ಬಾಗ್ಲಾ ತೆರದಿಟ್ಟು ಒಂದು ಕಿವಿ ಒಳಗ ಬಿಟ್ಟಿರ್ತಿದ್ಳು. ಮಾಳಪ್ಪ ನನ್ನ ಮುಂದನೇ ಅಂದ, "ವೈನಿ, ನಾ ಕುಂದರ್ತೀನಿ, ನೀ ಒಂಚೂರು ಅಡ್ಡಾಗು."

"ನಿನ್ನ ಕೈಯಾಗ ಏನರೆ ಹೆಚ್ಚುಕಮ್ಮಿ ಆದ್ರ?" ಅಂದ್ಳು ನಿಂಗಮ್ಮ, ನನ್ನ ಕಡಿ ಕೈ ಮಾಡಿ. "ಅಕ್ಕಾರು ನನಗೊಬ್ಬಾಕಿಗೇ ಹೇಳ್ಯಾರ."

ಬೀರಪ್ಪ ಮಲಗಿದಲ್ಲಿಂದ ಹೆಣ್ತೀನ ನೋಡ್ತಿದ್ದ, ಬಾಗ್ಲಾ ನೋಡ್ತಿದ್ದ. ನೋಡಿ ಕಣ್ಣು ಮುಚ್ಚಿಬಿಡ್ತಿದ್ದ.

ಮುಂದ ಒಂದು ದಿನ ಮಾಳಪ್ಪನ ಫೋನ್ ಬಂತು. "ಅಕ್ಕಾರ, ಅಣ್ಣ ಬಾಯಿ ತೆರೀವಲ್ಲ್ರಿ."

"ಯಾಕೋ, ದವಡಿ ಹಿಡದದೇನು?"

"ದವಡಿ ಅಲ್ರಿ. ಹಟ. ನಿನ್ನಿಯಿಂದ ಒಂದು ಗುಟುಕು ನೀರೂ ಇಲ್ಲ. ಚಮಚಾ ತಂದ್ರ ಹಲ್ಲು ಕಚ್ಚಿ ಹಿಡೀತಾನ. ವೈನಿ ಗೋಡಿಗಿ ತಲಿ ಬಡ್ಕೊಳ್ಳಾಕತ್ತಾಳ."

ಸಾಹೇಬ್ರಿಗಿ ಫೋನ್ ಹಚ್ಚಿದೆ. "ನೀರು ಕುಡೀದಿದ್ರ ಕಫ ಗಟ್ಟಿ ಆಗ್ತದ, ಕೊಳವಿ ಕಟ್ಟಿತು ಅಂದ್ರ ಮುಗೀತು. ಎತ್ತಿಕೊಂಡು ಬರ್ರಿ, ಮೂಗಿನಾಗ ನಳಿಗಿ ಹಾಕಿ ಉಣಸೂಣು" ಅಂದ್ರು. ಅವರು ಹೇಳಿದ್ದು ಬರೋಬ್ಬರಿನೇ. ಆದ್ರ ಮನಸಿಲ್ಲದವನ ಮೂಗಿನಾಗ ನಳಿಗಿ ಹಾಕಿ ಎಷ್ಟು ದಿನ ಉಣಸ್ತೀರಿ? "ಇವತ್ತೊಂದು ದಿನ ಟೈಮ್ ಕೊಡ್ರಿ ಸರ್" ಅಂತ ಕೇಳಿಕೊಂಡು ಬಸ್ ಹತ್ತಿದೆ. ದಾರಿ ತುಂಬ ಸಿಟ್ಟು ಬಂದಿತ್ತು, ಅಂಜಿಕೀನೂ ಬಂದಿತ್ತು. ಎರಡೂ ಕೂಡಿ ಬಂದ್ರ ನನಗ ಸಿಟ್ಟೇ ಮುಂದ ಹೊಂಡತದ.

ಬೀರಪ್ಪ ಗೋಡಿ ಕಡಿ ಮುಖ ಮಾಡಿದ್ದ. ಹೌದು ಅನ್ನಾಕ ಒಂದು ಸಲ ಕಣ್ಣು ಮಿಟಕಸೂದು, ಇಲ್ಲ ಅನ್ನಾಕ ಎರಡು ಸಲ, ಅದು ನಮ್ಮ ಒಪ್ಪಂದ. ಹೊಟ್ಟಿ ನೋವೇನು? ಇಲ್ಲ. ಗಂಟಲು? ಇಲ್ಲ. ನಿಂಗಮ್ಮ ಏನರೆ ಅಂದಳೇನು? ಇಲ್ಲ. ನನಗ ತಡೀಲಿಲ್ಲ. "ಮತ್ತ ಸಾಯಬೇಕಂತಿಯೇನು?" ಅಂತ ಕೇಳೇ ಬಿಟ್ಟೆ. ಅವ ಕಣ್ಣು ಮಿಟಕಸಲಿಲ್ಲ, ನನ್ನನ್ನೇ ನೆಟ್ಟ ನೋಡಿದ. ನಿಂಗಮ್ಮ ಸೆರಗು ಬಾಯಾಗ ತುರುಕ್ಕೊಂಡ್ಳು.

ಆಗ ನನಗ ನಮ್ಮ ಸಣ್ಣ ಡಾಕ್ಟರಮ್ಮ ನೆನಪಾದ್ಳು. ಹೊಸದಾಗಿ ಬಂದಾಕಿ. ಕೆಲವೊಬ್ಬ ಪೇಷೆಂಟಿಗಿ ಆ ಬಲೂನಿನ ಗಾಳಿ ಸ್ವಲ್ಪೊತ್ತು ತಗದು, ಮಷಿನ್ ಅದಕ್ಕ ತಕ್ಕಂಗ ತಿರುವಿದ್ರ, ಗಾಳಿ ಗಂಟಲ ಮ್ಯಾಲ ಹಾದು ಮಾತು ಹೊಂಡತದ ಅಂತ ನಮಗೆಲ್ಲಾ ತೋರಿಸಿದ್ಳು. ನಾ ಮೂಗು ಮುರಿದಿದ್ದೆ. ನಮ್ಮ ಕಾಲದಾಗ ಬಲೂನು ಸಡ್ಲ ಬಿಟ್ರ ಸಾಹೇಬ್ರು ನಮ್ಮ ಚರ್ಮ ಸುಲೀತಿದ್ರು. ಈಗ ಬ್ಯಾರೆ ದಾರಿ ಇರಲಿಲ್ಲ. ವಿಡಿಯೋ ಕಾಲ್ ಹಚ್ಚಿ ಫೋನ್ ಮಾಳಪ್ಪನ ಕೈಯಾಗ ಕೊಟ್ಟೆ. ಡಾಕ್ಟರಮ್ಮ ಒಂದೊಂದೇ ಹೇಳ್ಕೋತ ಹೋದ್ಳು. ಮೊದಲು ಕಫ ಪೂರಾ ಎಳದೆ. ಹಗೂರ ಬಲೂನಿನ ಗಾಳಿ ತಗದೆ. ಮಷಿನ್ ಆಕಿ ಹೇಳಿದಂಗ ತಿರುವಿದೆ. ಬೀರಪ್ಪ ಕೆಮ್ಮಿದ, ಕಣ್ಣಾಗ ನೀರು ಬಂತು, ಮುಖ ಕೆಂಪಾತು. ನಿಂಗಮ್ಮ "ಸಾಕ್ರಿ ಅಕ್ಕಾರ, ಕೈ ಮುಗೀತೀನಿ ಬಿಡ್ರಿ" ಅಂತ ನನ್ನ ರಟ್ಟಿ ಹಿಡಕೊಂಡ್ಳು. "ತಡಿಯವ್ವಾ" ಅಂತ ನಾ ಡಾಕ್ಟರಮ್ಮನ ಮಾತಿಗಿ ಕಿವಿ ಕೊಟ್ಟೆ. ಒಂದು ಸ್ವಲ್ಪ ಹೊತ್ತಿಗಿ ಗಂಟಲಾಗ ಗೊರ್ ಅಂತ ಒಂದು ದನಿ ಎದ್ದಿತು.

"ಕುರಿ…" ಅಂದ. ಮಷಿನ್ ಗಾಳಿ ತಳ್ಳಿದಾಗಷ್ಟ ಮಾತು, ಗಾಳಿ ನಿಂತ್ರ ಮಾತೂ ನಿಲ್ತಿತ್ತು. ಎಲ್ಲಾರೂ ಮುಂದಿನ ಉಸಿರಿಗಿ ಕಾಯ್ಕೋತ ನಿಂತ್ವಿ. "ಎಲ್ಲಾ… ಮಾರಿದ್ರೇನು?"

ಮಾಳಪ್ಪನ ಕೈಯಾಗಿನ ಫೋನ್ ಕೆಳಗ ಬಿತ್ತು.

ಕುರಿ! ಆವಾಗ ನನಗ ಹೊಳೀತು, ಕುರಿ ಕಾಯೋರ ಮನಿ ಅಂಗಳದಾಗ ಒಂದು ಹಿಕ್ಕಿ ಯಾಕಿಲ್ಲ ಅಂತ. "ಯಣ್ಣಾ, ಮಾರಿಲ್ಲೋ! ನಿನ್ನಾಣಿ ಮಾರಿಲ್ಲ!" ಅಂತ ಮಾಳಪ್ಪ ಒದರಿದ. "ಅಕ್ಕಾರು ಕುರಿ ಕೂದಲು ಹತ್ರ ಬರಬಾರ್ದು ಅಂದಿದ್ರಲ್ಲ, ಅದಕ್ಕ ಹಿಂಡು ಪೂರಾ ಶಹಾಪುರ ಕಡಿ ಬೀಗರ ಹಟ್ಟಿಗಿ ಹೊಡದು ಬಂದೀನಿ. ಒದರ್ತಾವು ಬ್ಯಾರೆ, ಮಷಿನ್ ಕೇಳಸೂದಿಲ್ಲ ಅಂತ ವೈನೀನೂ ಅಂದ್ಳು."

ಎಲ್ಲಾರೂ ನನ್ನ ಕಡಿ ತಿರುಗಿ ನೋಡಿದ್ರು. "ನಾ ಹೇಳಿದ್ದು ಕೂದಲು ಮಷಿನಿನ ಹತ್ರ ಕತ್ತರಿಸಬ್ಯಾಡ್ರಿ ಅಂತ!" ಅಂದೆ. "ಹಿಂಡೇ ಊರು ಬಿಡಿಸ್ರಿ ಅಂದಿದ್ದೆನೇನು?"

"ನೀವು ಹತ್ರ ಅಂದ್ರಿ," ಅಂದ ಮಾಳಪ್ಪ, "ಹತ್ರ ಅಂದ್ರ ಎಷ್ಟು ದೂರ ಅಂತ ನಮಗೇನು ಗೊತ್ತು? ನಮ್ಮಣ್ಣನ ಜೀವದ ಮಾತು, ನಾವು ಬಾಳ ದೂರ ಇಟ್ವಿ."

ಇದನ್ನ ಬೀರಪ್ಪಗ ಯಾರೂ ಹೇಳಿರಲಿಲ್ಲ. ಅವನ ಮುಂದ ಫಿಕರ್ ಮಾತು ಆಡಬಾರ್ದು ಅಂತ ಎಲ್ಲಾರೂ ಬಾಯಿ ಹೊಲಕೊಂಡಿದ್ರು. ಅವ ಮಲಗಿದಲ್ಲೇ ಕಿವಿ ಕೊಟ್ಟು ಕೊಟ್ಟು, ಒಂದು ಮರಿ ದನಿ ಕೇಳದ, ತನ್ನ ಲೆಕ್ಕ ತಾನೇ ಹಾಕಿದ್ದ. "ನನ್ನ ಸಲುವಾಗಿ… ಮಾರ್ಯಾರ. ಇಕಿ ನಿದ್ದಿಗೆಟ್ಟು… ಸಾಯ್ತಾಳ. ನಾ ಹೋದ್ರ… ಇವರು ಉಳೀತಾರ." ಇಷ್ಟು ಹೇಳಾಕ ಅವನಿಗಿ ಎಷ್ಟೋ ಉಸಿರು ಬೇಕಾದ್ವು. ನಿಂಗಮ್ಮ ಅವನ ಎದಿ ಮ್ಯಾಲ ತಲಿ ಇಟ್ಟು ಅತ್ಳು, ನಾನೂ ಅತ್ತೆ. ಅಳಬಾರ್ದು ಅಂತ ನಮ್ಮ ಟ್ರೇನಿಂಗಿನಾಗ ಹೇಳಿಕೊಟ್ಟಿದ್ರು, ಹೇಳಿಕೊಟ್ಟವ್ರು ಅಲ್ಲಿ ಇರಲಿಲ್ಲ.

ಮಾರಿಲ್ಲ ಅಂದ್ರ ಅವ ನಂಬಬೇಕಲ್ಲ? ಜಡ್ಡಿನವ್ರಿಗಿ ಎಲ್ಲಾರೂ ಸುಳ್ಳು ಹೇಳ್ತಾರ ಅನ್ನೂದು ಅವನಿಗಿ ಗೊತ್ತಿತ್ತು. ಮಾಳಪ್ಪ ಬೀಗರಿಗಿ ಫೋನ್ ಮಾಡಿ ಕುರಿ ಒದರೂದು ಕೇಳಿಸಿದ. ಬೀರಪ್ಪ, "ಯಾರ ಕುರಿನೋ… ಏನೋ" ಅಂದ. ಬಾಯಿ ಮತ್ತ ಮುಚ್ಚಿತು. ಕಡೀಕ ನಾನೇ ಜೋರು ಮಾಡಿದೆ: "ನೋಡಪ್ಪಾ ಬೀರಪ್ಪ, ಹಿಂಡು ಬರೂತನ ನೀರಷ್ಟರೆ ಕುಡಿ. ಬರಲಿಲ್ಲಂದ್ರ ನಾನೇ ನಿನ್ನ ಕಡಿ ಆಗಿ ಇವರ ಕೂಡ ಜಗಳಾ ಮಾಡ್ತೀನಿ." ಅವ ನಿಂಗಮ್ಮನ ಮುಖ ನೋಡಿ ಒಂದು ಸಲ ಕಣ್ಣು ಮಿಟಕಸಿದ. ನಿಂಗಮ್ಮ ಚಮಚಾಲೆ ನೀರು ಹಾಕಿದ್ಳು.

ನೀರು ಕುಡದಾನಂತ ಸಾಹೇಬ್ರಿಗಿ ತಿಳಿಸಿ ನಾ ಅಲ್ಲೇ ಉಳಕೊಂಡೆ. ಮರುದಿನ ಸಂಜಿಮುಂದ ಹಿಂಡು ಬಂತು. ಮಂಚ ಬಾಗಿಲ ಕಡಿ ತಿರುಗಿಸಿದ್ವಿ. ಮೊದಲು ದೂರದಾಗ ಗಂಟಿ ಸಪ್ಪಳ, ಆಮ್ಯಾಲ ಧೂಳು, ಆಮ್ಯಾಲ ಮ್ಯಾ ಮ್ಯಾ ಅಂತ ಊರು ತುಂಬಿತು. ನಾ ಮಷಿನಿಗಿ ತೆಳ್ಳನ ಬಟ್ಟಿ ಅಡ್ಡ ಹಿಡಕೊಂಡು ನಿಂತೆ, ಬ್ಯಾರೆ ಏನ್ ಮಾಡ್ಲಿ! ಹಿಂಡಿನ ಮುಂದ ನಡಿಯೋ ಮುದಿ ಕರಿ ಕುರಿ ಒಂದಿತ್ತು. ಅದು ಯಾರನ್ನೂ ಕೇಳದ ಹೊಚ್ಚಲ ದಾಟಿ ಒಳಗ ಬಂದು ಮಂಚದ ಹಚ್ಚಡ ಜಗ್ಗಾಕತ್ತಿತು. ಬೀರಪ್ಪ ಅದನ್ನ ನೋಡಿದ, ಅಳಲಿಲ್ಲ, ನಗಲಿಲ್ಲ. "ಬಡಕಾಗ್ಯಾದ… ಬೀಗರು ಮೇಸಿಲ್ಲ" ಅಂದ. ಆಮ್ಯಾಲ ನಿಂಗಮ್ಮನ ಕಡಿ ತಿರುಗಿ ಬಾಯಿ ತೆರದ. ಆಕಿ ಓಡಿಹೋಗಿ ನುಚ್ಚು ಮಜ್ಜಿಗಿ ತಂದ್ಳು. ಅವ ಒಂದೊಂದು ತುತ್ತು ನುಂಗಿದಂಗ ನನ್ನ ಎದಿ ಮ್ಯಾಲಿನ ಕಲ್ಲು ಒಂದೊಂದೇ ಇಳೀತು.

ಇಷ್ಟಕ್ಕ ಮುಗಿದಿದ್ರ ಚೊಲೋ ಇತ್ತು. ಕುರಿ ಬಂದ್ವು, ಸಪ್ಪಳಾನೂ ಬಂತು, ಈಗ ಮಷಿನ್ ಕೇಳಸೂದಿಲ್ಲ ಅಂತ ನಿಂಗಮ್ಮ ಮಂಚಕ್ಕ ಅಂಟಿಕೊಂಡೇ ಕುಂತ್ಳು. ಕೈ ಒಯ್ದು ಕೊಳವಿ ಮ್ಯಾಲ ಇಟ್ಟಾಕಿ ತಗೀಲೇ ಇಲ್ಲ. "ಮತ್ತ ಬೀಗರ ಹಟ್ಟಿಗಿ ಹೊಡದು ಬರ್ರಿ ಈ ಕುರಿಗೋಳನ್ನ" ಅಂತ ಮಾಳಪ್ಪನ ಮ್ಯಾಲ ಹರಿಹಾಯ್ದ್ಳು. ದಾರಿ ತಗದವ ಬೀರಪ್ಪನೇ. ಅಷ್ಟೊತ್ತಿಗಿ ದಿನಾ ಸ್ವಲ್ಪೊತ್ತು ಬಲೂನು ಸಡ್ಲ ಬಿಟ್ಟು ಮಾತಾಡೂದು ಅವನಿಗಿ ರೂಢಿ ಆಗಿತ್ತು.

"ಪಾಳಿ… ಹಚ್ಚು" ಅಂದ ತಮ್ಮಗ.

ಹೊಲದಾಗ ಹಿಂಡು ಕೂಡಿಸಿದಾಗ ಕುರಿಯವ್ರು ತೋಳಕ್ಕ ಅಂಜಿ ಪಾಳಿ ಮ್ಯಾಲ ಕಾಯ್ತಾರ. ಅದರಾಗ ಒಂದು ರಿವಾಜು ಅದ. ಯಾರ ಪಾಳಿನೋ ಅವರ ಕೈಯಾಗ ಕೋಲು. ಮುಂದಿನವ್ರ ಕೈಗಿ ಕೋಲು ಕೊಡೂತನ ಜಾಗಾ ಬಿಡಂಗಿಲ್ಲ. ಕೊಟ್ಟ ಮ್ಯಾಲ ಮಲಗಲೇಬೇಕು. ತೋಳ ಬಂದ್ರೂ, ಕೋಲು ಇದ್ದವ ಕೂಗೂತನ ಮಲಗಿದವ ಏಳಂಗಿಲ್ಲ. ಎದ್ರ ಕೋಲು ಹಿಡದವನಿಗಿ ಅವಮಾನ. "ನಿದ್ದಿಗೆಟ್ಟಾವ… ತೋಳಕ್ಕ ನೆಂಟ" ಅಂದ ಬೀರಪ್ಪ ನನಗ.

ಸಾಹೇಬ್ರಿಗಿ ಹೇಳಿದೆ. "ಮತ್ತ ಹೊಣಿ ಯಾರದು?" ಅಂತ ಗುರ್ ಅಂದ್ರು. "ಕೋಲು ಯಾರ ಕೈಯಾಗ ಅದನೋ ಅವರದು ಸರ್" ಅಂದೆ. ಪಾಳಿ ಹೆಂಗ ಬದಲಾಗ್ತದ ಅಂತ ಇನ್ನೊಮ್ಮೆ ಕೇಳಿದ್ರು. ಆಮ್ಯಾಲ, "ಎಲ್ಲಾರಿಗೂ ಬರೋಬ್ಬರಿ ಕಲಿಸು ಮತ್ತ" ಅಂದ್ರು. ನಮ್ಮ ಸಾಹೇಬ್ರು ತಮ್ಮ ಕಾಯ್ದೆ ತಾವೇ ಮುರಿದಿದ್ದು ನಾ ಅದೊಂದೇ ಸಲ ನೋಡಿದ್ದು.

ಮಾಳಪ್ಪ, ಯಲ್ಲಮ್ಮ ಇಬ್ಬರಿಗೂ ಕಲಿಸಿದೆ. ಪರೀಕ್ಷಾ ತಗೊಂಡಾವ ಬೀರಪ್ಪ. ಮಲಗಿದಲ್ಲಿಂದನೇ "ಕೈ… ತೊಳದಿಲ್ಲ", "ನಳಿಗಿ… ಹಗೂರ" ಅಂತ ಹೇಳ್ತಿದ್ದ. ಎಷ್ಟೋ ದಿನದ ಮ್ಯಾಲ ಮನಿ ಹಿರಿಯನ ದನಿ ಮನ್ಯಾಗ ನಡೀತು. ಅವನದೇ ಕುರಿ ಕಾಯೋ ಕೋಲು ತಂದು ಮಂಚದ ಬಾಜೂಕ ಇಟ್ರು.

ಕೋಲು ಕೊಡೂದು ನಿಂಗಮ್ಮಗ ಸಸಾರ ಆಗಲಿಲ್ಲ. ಮೊದಲ ದಿನ ಮಾಳಪ್ಪ ಕೈ ಚಾಚಿ ನಿಂತ್ರ ಆಕಿ ಕೋಲು ಎದಿಗಿ ಅವಚಿಕೊಂಡು ಕುಂತ್ಳು. "ಕೊಡು… ನಿಂಗಿ" ಅಂದ ಬೀರಪ್ಪ. ಕೊಟ್ಳು, ಆದ್ರ ಮಲಗಲಿಲ್ಲ, ಗೋಡಿಗಿ ಬೆನ್ನು ಹಚ್ಚಿ ನೋಡ್ಕೋತ ಕುಂತ್ಳು. ಅಷ್ಟರಾಗ ಕೊಳವಿ ಕಳಚಿ ಮಷಿನ್ ಒದರಿತು. ಆಕಿ ಹಾರಿ ಎದ್ಳು. ಮಾಳಪ್ಪ ಆಗಲೇ ಕೊಳವಿ ಜೋಡಿಸಿದ್ದ. ಉಸಿರು ಬಂದ ಕೂಡ್ಲೇ ಬೀರಪ್ಪ ಕೇಳಿದ, "ಕೋಲು… ಯಾರ ಕೈಯಾಗ ಅದ?" ನಿಂಗಮ್ಮ ನಿಂತಾಕಿ ನಿಂತಂಗೇ ಮೈದುನನ ಕೈ ನೋಡಿದ್ಳು. ಆಮ್ಯಾಲ ಹಗೂರ ಹೋಗಿ ಕುಂತ್ಳು.

ನಾ ಮತ್ತ ಹೋದಾಗ ಮಧ್ಯಾಹ್ನ ಆಗಿತ್ತು. ದೂರದಿಂದನೇ ಪಟ ಪಟ ರೊಟ್ಟಿ ಬಡಿಯೋ ಸಪ್ಪಳ ಕೇಳಿ ನನಗ ಅರ್ಧ ಹಕೀಕತ್ ತಿಳೀತು. ಯಲ್ಲಮ್ಮ ಒಲಿ ಮುಂದಿದ್ಳು. ಮಾಳಪ್ಪ ಕೋಲು ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ದ. ನಿಂಗಮ್ಮ ಹೊಚ್ಚಲದಾಗ ಕಂಬಳಿ ಮ್ಯಾಲ ಕೈಕಾಲು ಚಾಚಿ ಬಿದ್ದಿದ್ಳು, ಬಾಯಿ ತೆರದು ಗೊರಕಿ ಹೊಡಿಯಾಕತ್ತಿದ್ಳು. ಏನ್ ಗೊರಕಿ ಅಂತೀರಿ! ಬಾಜೂಕ ಒಂದು ಮರಿ ಆಕಿ ಸೆರಗು ತಿನ್ನಾಕತ್ತಿತ್ತು. ನಾ ಗಾಳಿ ಸೋಸೋ ಜಾಳಗಿ ಬದಲಿ ಮಾಡೋ ಮುಂದ ಮಷಿನ್ ಜೋರಾಗಿ ಒದರಿತು. ನಾ ಅಂಜಿ ನಿಂಗಮ್ಮನ ಕಡಿ ನೋಡಿದೆ. ಆಕಿ ಮಗ್ಗಲಾ ಬದಲಿಸಿ ಮತ್ತ ಗೊರಕಿ ಹಚ್ಚಿದ್ಳು. ಬೀರಪ್ಪನ ಮುಖದ ತುಂಬ ನಗಿ. "ಮಷಿನ್‌ಕಿಂತ… ಜೋರದ" ಅಂದ. ನಾ ಸೆರಗು ಬಾಯಿಗಿ ಹಿಡಕೊಂಡು ನಕ್ಕೆ. ಅಷ್ಟು ಹಗೂರ ನಾ ಯಾವ ಪೇಷೆಂಟಿನ ಮನಿಯಿಂದನೂ ಹೊರಗ ಬಂದಿಲ್ಲ.

ರಿಟೈರ್ ಆಗೋ ಮುಂದ ಹೇಳಿ ಬರೂಣಂತ ಹೋದೆ. ನಿಂಗಮ್ಮ ಚಾ ಕೊಟ್ಳು, ಸಕ್ರಿನೇ ಹಾಕಿದ್ಳು. "ಬೀರಪ್ಪ, ಇನ್ನ ನಾ ಬರಂಗಿಲ್ಲಪ್ಪಾ. ಆದ್ರ ಮನಿಗಿ ಹೋದ್ರೂ ನಿದ್ದಿ ಬರ್ತದೋ ಇಲ್ಲೋ, ನಿಮ್ಮೆಲ್ಲಾರ ಮಷಿನ್ ಕಿವ್ಯಾಗ ಅದಾವ" ಅಂದೆ.

ಅವ ಮಷಿನಿನ ಉಸಿರಿಗಿ ಕಾಯ್ದು ಕೇಳಿದ, "ಅಕ್ಕಾರ… ನೀವು ಕೋಲು… ಯಾರಿಗಿ ಕೊಟ್ರಿ?"

ಆ ಮಾತು ಬಸ್ಸಿನಾಗ ನನ್ನ ಕೂಡ ಮನಿತನ ಬಂತು. ಅದಕ್ಕ ಈಗ ಇದನ್ನ ಕುಂತು ಬರದೀನಿ. ಹೊಸದಾಗಿ ಬಂದ ನನ್ನ ತಂಗಿಗೋಳಿರಾ, ತಮ್ಮಗೋಳಿರಾ, ಹಿಡೀರಿ ಕೋಲು. ಅಲ್ಲಿ ಅಡುಗಿಮನ್ಯಾಗ ಮಿಕ್ಸರ್ ತಿರುಗೂದು ಈಗ ನಿಂತದ. ನಾ ಎದ್ದಿಲ್ಲ.